ಸೀಟಿನ ಮೇಲಿನ ದಸ್ತಿ

ನಿನ್ನೆಯಿಂದ ತಲೆ ಕಾದಿದೆ. ಬರೆದು ಮುಗಿಸದ ಹೊರತು ನಿದ್ದೆ ಬರಲಿಕ್ಕಿಲ್ಲ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಊರಿಗೆ ಹೋಗೋಣವೆಂದು ಅವ್ವನನ್ನು ಕರೆದುಕೊಂಡು ಕಲಬುರಗಿ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅವ್ವನಿಗೆ ಮೊಳಕಾಲು ನೋವು, ಹೋದ ವರ್ಷ ಅದಕ್ಕೇ ದವಾಖಾನೆ ತಿರುಗಿದ್ದೆವು. ಹಬ್ಬದ ಹಿಂದಿನ ದಿನ ಜೇವರ್ಗಿ ಕಡೆಯ ಬಸ್ಸು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಮಂದಿ ಅದರ ಜೊತೆ ಓಡುತ್ತಿದ್ದರು. ಒಬ್ಬ ಕಿಟಕಿಗೆ ಜೋತುಬಿದ್ದು ಸೀಟು ಹಿಡಿಯಲಿಕ್ಕೆ ನೀಲಿ ಗೆರೆಯ ದಸ್ತಿ, ಅಂದರೆ ಕರವಸ್ತ್ರ, ಒಳಗೆ ಒಗೆದ. ಅದರ ಹಿಂದೆ ಯಾರದೋ ಟವೆಲ್, ಊಟದ ಡಬ್ಬಿ, ಕೂಸಿನ ಟೊಪ್ಪಿಗೆ. ನಾವು ತಳ್ಳಾಟದಲ್ಲಿ ಹೇಗೋ ಹತ್ತಿ ನೋಡಿದರೆ ಅರ್ಧ ಬಸ್ಸು ಖಾಲಿ ಇತ್ತು, ಕೂರಲಿಕ್ಕೆ ಒಂದು ಸೀಟೂ ಇರಲಿಲ್ಲ.

ಆ ದಸ್ತಿ ಬಿದ್ದದ್ದು ಮೂರು ಮಂದಿ ಕೂರುವ ಸೀಟಿನ ಮೇಲೆ. ಮೇಲೆ ‘ಹಿರಿಯ ನಾಗರಿಕರಿಗೆ’ ಎಂದು ಬರೆದಿತ್ತು. “ತಮ್ಮಾ, ನಮ್ಮವ್ವಗ ನಿಂದ್ರಲಾಕ ಆಗಂಗಿಲ್ಲ, ಜರಾ ಜಾಗಾ ಕೊಡಪ್ಪ” ಅಂದೆ. “ನಮ್ಮ ಮನಿ ಮಂದಿ ಬರ್ಲತ್ತಾರ್ರಿ ಅಕ್ಕೋರೆ” ಅಂದ. ಬಂದರು. ಅವನ ತಾಯಿ, ಅವರಿಗೂ ವಯಸ್ಸಾಗಿತ್ತು. ಅವರು ಕೂತದ್ದಕ್ಕೆ ನನ್ನ ತಕರಾರಿಲ್ಲ, ಅವರು ಕೂರಲೇಬೇಕು. ಅವರ ಪಕ್ಕ ಅವನು ಕೂತ. ಮೂರನೆಯದು ರಾಮಮಂದಿರ ಸರ್ಕಲ್‌ನಲ್ಲಿ ಹತ್ತುವ ಅವನ ತಮ್ಮನಿಗಂತೆ, ಅಲ್ಲಿತನಕ ಅದರ ಮೇಲೆ ಚೀಲ ಕೂತಿತು. ಚೀಲ! ಕಂಡಕ್ಟರನಿಗೆ ಹೇಳಿದರೆ “ಹಬ್ಬದ ರಶ್ ಅದರಿ, ನೀವೇ ಹೊಂದಿಸ್ಕೋರಿ” ಎಂದು ಮುಂದೆ ಹೋದ.

ಅವ್ವ ಕಂಬ ಹಿಡಿದು ನಿಂತಳು. ಕೈ ಮೇಲೆತ್ತಿದ್ದಕ್ಕೆ ಬಳೆಗಳೆಲ್ಲ ಮೊಳಕೈತನಕ ಜಾರಿದ್ದವು. ಬ್ರೇಕು ಬಿದ್ದಾಗೊಮ್ಮೆ ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುವಳು, ತುಸು ಹೊತ್ತಿಗೆ ಅದೂ ನೋಯುವುದು, ಮತ್ತೆ ಬದಲಿಸುವಳು. ಒಂದು ಮಾತಾಡಲಿಲ್ಲ. ಫರಹತಾಬಾದ್‌ನಲ್ಲಿ ಯಾರೋ ಇಳಿದ ಮೇಲೆ ಜಾಗ ಸಿಕ್ಕಿತು. ಕಟ್ಟಿಸಂಗಾವಿ ಸೇತುವೆ ಬಂದರೆ ಭೀಮೆಗೆ ಕೈಮುಗಿಯದೆ ಇರುವವಳಲ್ಲ ಅವ್ವ. ನಿನ್ನೆ ಮೊಳಕಾಲು ಒತ್ತಿಕೊಳ್ಳುತ್ತ ಕೂತವಳಿಗೆ ಹೊಳೆ ದಾಟಿದ್ದೇ ಗೊತ್ತಾಗಲಿಲ್ಲ.

ಇವತ್ತು ಎಳ್ಳಮಾಸಿ. ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿ, ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲಿ ಉಣ್ಣಲಿಕ್ಕೆ ಕೂತೆವು. ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗೆ, ಅಂಬಲಿ. ದಾರಿಯಲ್ಲಿ ಬೈಕಿನ ಮೇಲೆ ಹೊರಟಿದ್ದ ಇಬ್ಬರನ್ನು, ಯಾವ ಊರಿನವರೋ ಏನೋ, ನನ್ನ ತಮ್ಮ ಕೂಗಿ ನಿಲ್ಲಿಸಿ ಕರೆತಂದು ಎಲೆ ಹಾಕಿಸಿದ. ನಮ್ಮ ಕಡೆ ಅದೇನು ವಿಶೇಷ ಅಲ್ಲ, ಹೊಲ ಇಲ್ಲದ ಕಲಬುರಗಿ ಮಂದಿಯೂ ಇವತ್ತು ಒಬ್ಬರಲ್ಲ ಒಬ್ಬರ ಹೊಲದಲ್ಲಿ ಉಂಡಿರುತ್ತಾರೆ. ನಿನ್ನೆಯ ಹುಡುಗನೂ ಯಾರಿಗೋ “ಇನ್ನೊಂದು ಕಡಬು ಹಾಕ್ಕೋರಿ” ಎಂದು ಒತ್ತಾಯ ಮಾಡಿರುತ್ತಾನೆ. ನಮ್ಮವ್ವ ಅವನ ಹೊಲದ ದಾರಿಯಲ್ಲಿ ಹೋಗಿದ್ದರೆ ಜಮಖಾನೆ ಹಾಸಿ ಕೂರಿಸುತ್ತಿದ್ದ. ನನ್ನ ಸಂಕಟ ಇದೇ. ಹೊಲದಲ್ಲಿ ಅಷ್ಟು ದೊಡ್ಡದಾಗುವ ‘ನಮ್ಮ ಮನಿ ಮಂದಿ’, ಬಸ್ಸಿನ ಮೆಟ್ಟಿಲು ಹತ್ತಿದ ಕೂಡಲೇ ಮೂರು ಸೀಟಿನಷ್ಟಾಗುವುದು ಯಾಕೆ? ಶರಣಬಸವೇಶ್ವರರ ದಾಸೋಹದ ಊರು ನಮ್ಮದು. ಪಂಕ್ತಿಯಲ್ಲಿ ಪಕ್ಕದವರು ಯಾರೆಂದು ಕೇಳದೆ ಕೂತು ಉಣ್ಣುವವರು ನಾವು.

ಫ್ರೀ ಬಸ್ಸು ಆದಮೇಲೆ ಹೀಗಾಗಿದೆ ಎನ್ನುತ್ತಾರೆ. ಶಕ್ತಿ ಯೋಜನೆ ಬಂದದ್ದು 2023ರ ಜೂನ್ 11ಕ್ಕೆ. ದಸ್ತಿ ಅದಕ್ಕಿಂತ ಭಾಳ ಹಳೆಯದು. ಬಸ್ಸು ಸಾಲುವುದಿಲ್ಲ ಎನ್ನುವುದು ಖರೇ, ಹಬ್ಬಕ್ಕೆ ಹೆಚ್ಚಿಗೆ ಬಿಡಲಿ, ಆ ಅರ್ಜಿಗೆ ನಾನೂ ಸಹಿ ಹಾಕುತ್ತೇನೆ. ಆದರೆ ಬಸ್ಸು ಕಡಿಮೆ ಇದ್ದರೆ ಎಪ್ಪತ್ತು ದಾಟಿದವಳು ನಿಲ್ಲಬೇಕು, ಇಪ್ಪತ್ತೈದರ ಹುಡುಗನ ಚೀಲ ಕೂರಬೇಕು, ಈ ಲೆಕ್ಕ ಎಲ್ಲಿಯದು?

ಹಳೆಯದು ಅಂತ ನನಗೆ ಹೇಗೆ ಗೊತ್ತೆಂದರೆ, ಒಂದು ಕಾಲಕ್ಕೆ ಆ ದಸ್ತಿ ನಾನೇ ಆಗಿದ್ದೆ. ನಾಲ್ಕನೆ ಕ್ಲಾಸಿನಲ್ಲಿದ್ದಾಗ, ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟರೆ ಅಪ್ಪ ನನ್ನನ್ನು ಕಿಟಕಿಯಿಂದ ಒಳಗೆ ತೂರಿಸುತ್ತಿದ್ದ. ಸೀಟಿನ ಉದ್ದಕ್ಕೂ ಮಲಗಿಬಿಡು ಎಂದು ಹೇಳಿಕೊಟ್ಟಿದ್ದ. ಒಂದು ಸಲ ಒಬ್ಬಳು ವಯಸ್ಸಾದ ಆಯಿ ಬಂದು “ಯವ್ವಾ, ಕಾಲು ಜರಾ ಮಡಚು” ಅಂದಳು. ನಾನು ಕಣ್ಣು ಮುಚ್ಚಿಕೊಂಡೆ. ಅಪ್ಪ ಹತ್ತಿ ಬಂದು “ಶಾಣ್ಯಾಕಿ ಅದೀ ನೋಡು” ಎಂದು ಬೆನ್ನು ಚಪ್ಪರಿಸಿದ. ಆ ಕೈಯ ಹಿತ ಇವತ್ತಿಗೂ ನೆನಪಿದೆ. ಆಯಿ ಎಲ್ಲಿತನಕ ನಿಂತಳೋ ತಿರುಗಿ ನೋಡಿರಲಿಲ್ಲ. ಅಪ್ಪ ಕೆಟ್ಟವನಲ್ಲ, ನಮಗೋಸ್ಕರ ಮಾಡಿದ. ಆ ಹುಡುಗನೂ ತಾಯಿಗೋಸ್ಕರ ಮಾಡಿದ. ಎಲ್ಲರೂ ಮನೆ ಮಂದಿಗೋಸ್ಕರವೇ ಮಾಡುತ್ತೇವೆ, ಅದಕ್ಕೇ ಯಾರಿಗೂ ನಾಚಿಕೆ ಅನಿಸುವುದಿಲ್ಲ.

ನಾಳೆ ವಾಪಸು ಹೋಗಬೇಕು. ಸಂಜೆ ತಮ್ಮ “ನಸುಕಿನ್ಯಾಗ ಹೋಗಿ ಸೀಟ್ ಹಿಡೀತೀನಿ, ಟವೆಲ್ ಕೊಡು” ಅಂದ. ಬ್ಯಾಡ ಅಂದೆ, ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಹೋಗೋಣ ಅಂದೆ. “ಅಲ್ಲೀತನಕ ಅವ್ವ ಸ್ಟ್ಯಾಂಡಿನಾಗ ನಿಂದ್ರಬೇಕೇನು? ಅವ್ವಗಿಂತ ಊರ ಮಂದಿ ಹೆಚ್ಚಾದ್ರಾ ನಿನಗ?” ಎಂದು ಒದರಿದ. ನನಗೆ ಉತ್ತರ ಹೊಳೆಯಲಿಲ್ಲ. ಈಗ ಪಡಸಾಲೆಯಲ್ಲಿ ಅವ್ವನ ಮೊಳಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಾನೆ, ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಟವೆಲ್ ನನ್ನ ಚೀಲದೊಳಗೇ ಇದೆ.