ಇಟ್ಟಿಗೆ ಮೇಲೊಂದು ಹೆಸರು, ಕಲ್ಲಿನ ಮೇಲೊಂದು ಹೆಸರು

ಮೂರು ತಿಂಗಳಿಂದ ನನ್ನ ಚಾನೆಲ್‌ನಲ್ಲಿ ಹೊಸ ವಿಡಿಯೋ ಇಲ್ಲ, ಗೊತ್ತು. "ಇತಿಹಾಸ ಸಾಕಾಯ್ತಾ?" ಅಂತ ಇಬ್ಬರು ಫೋನ್ ಮಾಡಿಯೇ ಕೇಳಿದರು. ಸಾಕಾಗಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ ಇತ್ತು, ಮೈಕ್ ಕೈಕೊಟ್ಟಿತು, ಮೈಸೂರಿನಿಂದ ಅಮ್ಮ ಬಂದಿದ್ದರು. ಗಂಗರ ಸರಣಿಯ ನಾಲ್ಕನೇ ಕಂತು ಅರ್ಧ ಎಡಿಟ್ ಆಗಿ ಕೂತಿದೆ. ಅದಕ್ಕೂ ಮೊದಲು ಬೇರೊಂದು ವಿಡಿಯೋ ಬರುತ್ತದೆ, ಅದು ಯಾಕೆ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿರುವುದು.

ಅಮ್ಮನನ್ನು ಬ್ಲೆಚ್ಲಿ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದೆ. ಲಂಡನ್ನಿನಿಂದ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರ್. ಯೂಸ್ಟನ್‌ನಲ್ಲಿ ರೈಲು ಹತ್ತಿ ಇಳಿದರೆ ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗುಪ್ತ ಸಂದೇಶಗಳನ್ನು ಬಿಡಿಸುತ್ತಿದ್ದ ಜಾಗ ಇದು. ಕೆರೆ ಇದೆ, ಬಾತುಕೋಳಿ ಇವೆ, ಶ್ರೀಮಂತರ ಒಂದು ದೊಡ್ಡ ಬಂಗಲೆ ಇದೆ. ಆದರೆ ನಿಜವಾದ ಕೆಲಸ ನಡೆದದ್ದು ಸುತ್ತ ಹಾಕಿದ್ದ ಮರದ ಶೆಡ್‌ಗಳಲ್ಲಿ. ಅಮ್ಮ ಒಂದು ಶೆಡ್ ಒಳಗೆ ಹೋಗಿ, ಹೊರಗೆ ಬಂದು, "ಇದನ್ನ ನೋಡಕ್ಕೆ ಇಷ್ಟು ದುಡ್ಡು ಕೊಟ್ಯೇನೋ?" ಅಂದರು. ಒಮ್ಮೆ ಕೊಂಡ ಟಿಕೆಟ್ಟಿನಲ್ಲಿ ವರ್ಷವಿಡೀ ಬರಬಹುದು ಅಂದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಜರ್ಮನರು ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸಲು ಬಳಸುತ್ತಿದ್ದ ಎನಿಗ್ಮಾ ಯಂತ್ರ ಏನು ಅಂತ ಅಮ್ಮನಿಗೆ ವಿವರಿಸಲು ನನಗೆ ನೆನಪಾಗಿದ್ದು 'ಕ' ಭಾಷೆ. ಚಿಕ್ಕಂದಿನಲ್ಲಿ ಎಲ್ಲರೂ ಆಡಿದ್ದೇವೆ ಅಲ್ವಾ? ಪ್ರತಿ ಅಕ್ಷರಕ್ಕೂ ಮೊದಲು ಒಂದು 'ಕ' ಸೇರಿಸಿ, "ಕನಾಕನು ಕಮಕನೆಕಗೆ" ಅನ್ನುವುದು. ನಿಯಮ ಒಂದೇ ಆದ್ದರಿಂದ ಅಮ್ಮಂದಿರಿಗೆ ಎರಡೇ ದಿನದಲ್ಲಿ ಗೊತ್ತಾಗಿಬಿಡುತ್ತಿತ್ತು. ಎನಿಗ್ಮಾದಲ್ಲಿ ಒಂದೊಂದು ಕೀಲಿ ಒತ್ತಿದಾಗಲೂ ಒಳಗಿನ ಚಕ್ರ ತಿರುಗಿ ನಿಯಮವೇ ಬದಲಾಗುತ್ತದೆ. ಒಂದೇ ಅಕ್ಷರವನ್ನು ಮೂರು ಸಲ ಒತ್ತಿದರೆ ಮೂರು ಬೇರೆ ಅಕ್ಷರ ಬರಬಹುದು. ಯಂತ್ರವನ್ನು ಹೊಂದಿಸುವ ಬಗೆಗಳು ಸುಮಾರು 159ರ ಮುಂದೆ 18 ಸೊನ್ನೆ ಹಾಕಿದಷ್ಟು, ಅದೂ ದಿನಾ ಮಧ್ಯರಾತ್ರಿಗೆ ಬದಲು. ಆದರೆ ಒಂದು ತೂತು ಉಳಿದಿತ್ತು: ಯಾವ ಅಕ್ಷರವೂ ತಾನೇ ಆಗಿ ಹೊರಬರುತ್ತಿರಲಿಲ್ಲ. ಜೊತೆಗೆ ಜರ್ಮನರು ಹವಾಮಾನ ವರದಿಯನ್ನು ದಿನಾ ಒಂದೇ ಧಾಟಿಯಲ್ಲಿ ಕಳಿಸುತ್ತಿದ್ದರು. ಇಂಥ ಸಣ್ಣ ಸೋಮಾರಿತನಗಳನ್ನು ಹಿಡಿದುಕೊಂಡೇ ಬ್ಲೆಚ್ಲಿಯವರು ಒಳಗೆ ನುಗ್ಗಿದ್ದು.

ನನಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಪೊರಕೆ ಕೋಲಿನ ಕಥೆ. 6ನೇ ಶೆಡ್ಡಿನವರು ಸಂದೇಶ ಬಿಡಿಸುತ್ತಿದ್ದರು, ಪಕ್ಕದ 3ನೇ ಶೆಡ್ಡಿನವರು ಅದನ್ನು ಅನುವಾದಿಸಿ ಅರ್ಥ ಹಚ್ಚುತ್ತಿದ್ದರು. ಮಳೆಯಲ್ಲಿ ಕಾಗದ ಹಿಡಿದು ಓಡಾಡುವುದು ಯಾಕೆ ಅಂತ ಎರಡು ಗೋಡೆಗಳ ನಡುವೆ ಒಂದು ಮರದ ಕೊಳವೆ ಹಾಕಿಸಿ, ಕಾಗದ ಇಟ್ಟ ಟ್ರೇಯನ್ನು ಪೊರಕೆ ಕೋಲಿನಿಂದ ಆಚೆ ತಳ್ಳುತ್ತಿದ್ದರು. ಹಿಟ್ಲರನ ಸೇನೆಯ ಗುಟ್ಟು ಪೊರಕೆ ಕೋಲಿನಲ್ಲಿ ಪಕ್ಕದ ಮನೆಗೆ! ಇದನ್ನು ಕೇಳಿದ ಮೇಲೆಯೇ ಅಮ್ಮ ಬೆಂಚಿನ ಮೇಲೆ ಕೂತು, ಚೀಲದಿಂದ ಪುಳಿಯೋಗರೆ ಡಬ್ಬಿ ತೆಗೆದು, ಸರಿ, ಮುಂದಕ್ಕೆ ಹೇಳು ಅಂದಿದ್ದು.

ಸಣ್ಣ ಕೆಲಸ ಮಾಡಿದವರನ್ನೂ ಮರೆಯದ ಇಲ್ಲಿನವರ ಈ ರೀತಿ ನನಗೆ ಇಷ್ಟ. ಇಲ್ಲಿ ಗುಪ್ತಲಿಪಿ ಬಿಡಿಸಿದ ಗಣಿತಜ್ಞ ಅಲನ್ ಟ್ಯೂರಿಂಗ್ ಪ್ರತಿಮೆಯೂ ಇದೆ, ಇರಬೇಕಾದ್ದೇ. (ಅವನ ಅಪ್ಪ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಐಸಿಎಸ್ ಅಧಿಕಾರಿ. ಆಗಿನ ಮಂಗಳೂರು, ಬಳ್ಳಾರಿ ಅದೇ ಪ್ರೆಸಿಡೆನ್ಸಿಯೊಳಗಿದ್ದವು.) ಆದರೆ ಕಥೆ ಅವನೊಬ್ಬನಲ್ಲೇ ನಿಲ್ಲುವುದಿಲ್ಲ. 1945ರ ಶುರುವಿನಲ್ಲಿ ಇಲ್ಲಿ ಸುಮಾರು 9,000 ಜನ ದುಡಿಯುತ್ತಿದ್ದರು, ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ಟೈಪ್ ಮಾಡಿದವರು, ಕಾರ್ಡ್ ಜೋಡಿಸಿದವರು, ಪಾಳಿಯಲ್ಲಿ ಯಂತ್ರ ನಡೆಸಿದವರು. ಇವರ ಹೆಸರುಗಳ ದೊಡ್ಡ ಪಟ್ಟಿಯನ್ನೇ ಮ್ಯೂಸಿಯಂ ಕಾಪಾಡುತ್ತಿದೆ. ಹೊರಗೆ ಒಂದು ಇಟ್ಟಿಗೆ ಗೋಡೆಯಿದೆ, ಇಟ್ಟಿಗೆ ಇಟ್ಟಿಗೆಯ ಮೇಲೆ ಹೆಸರು ಕೆತ್ತಿದ್ದಾರೆ. ಮೊಮ್ಮಕ್ಕಳು ಬಂದು "ಇದು ನಮ್ಮಜ್ಜಿ" ಅಂತ ಬೆರಳಿಟ್ಟು ತೋರಿಸುತ್ತಾರೆ.

ಹಾಗಂತ ಬ್ರಿಟಿಷರು ಮೊದಲಿನಿಂದಲೂ ಹೀಗೇ ಇದ್ದರು ಅಂದುಕೊಳ್ಳಬೇಡಿ. 1970ರ ದಶಕದವರೆಗೆ ಇಲ್ಲಿ ದುಡಿದವರು ಬಾಯಿ ಬಿಡುವಂತಿರಲಿಲ್ಲ. ಟ್ಯೂರಿಂಗ್‌ನನ್ನು ಸಲಿಂಗಿ ಅನ್ನುವ ಕಾರಣಕ್ಕೆ ಕೋರ್ಟಿಗೆ ಎಳೆದವರು ಇವರೇ, ಕ್ಷಮಾದಾನ ಬಂದದ್ದು ಅವನು ಸತ್ತು 59 ವರ್ಷಕ್ಕೆ, 2013ರಲ್ಲಿ. ಎನಿಗ್ಮಾವನ್ನು 1932ರಲ್ಲೇ ಮೊದಲು ಬಿಡಿಸಿದವರು ಪೋಲೆಂಡಿನ ಗಣಿತಜ್ಞರು, ಮರಿಯನ್ ರೆಯೆವ್‌ಸ್ಕಿ ಮತ್ತು ಸಂಗಡಿಗರು. ಅವರಿಗೆ ಸಿಗಬೇಕಾದ ಹೆಸರು ಸಿಗಲು ಬಹಳ ಕಾಲ ಹಿಡಿಯಿತು. ಈ ಶೆಡ್‌ಗಳನ್ನೂ ಒಡೆದು ಮನೆ ಕಟ್ಟುವವರಿದ್ದರು. 1991ರಲ್ಲಿ ಊರಿನ ಇತಿಹಾಸಾಸಕ್ತರು, ಹೇಗೂ ಹೋಗುತ್ತಿದೆ, ಇಲ್ಲಿ ಕೆಲಸ ಮಾಡಿದವರಿಗೆ ಒಂದು ಬೀಳ್ಕೊಡುಗೆಯಾದರೂ ಮಾಡೋಣ ಅಂತ ಕರೆದರು. ನೂರಾರು ಮುದುಕ ಮುದುಕಿಯರು ಬಂದು ಮಾತಾಡಲು ಶುರು ಮಾಡಿದರು. ಅದನ್ನು ಕೇಳಿದವರಿಗೆ ಇದನ್ನು ಒಡೆಯಲು ಬಿಡಬಾರದು ಅನ್ನಿಸಿತು. ಮರುವರ್ಷ ಟ್ರಸ್ಟ್ ಆಯಿತು. ಜಾಗ ಉಳಿದಿದ್ದು ಸರ್ಕಾರದ ದೂರದೃಷ್ಟಿಯಿಂದ ಅಲ್ಲ, ವಯಸ್ಸಾದವರ ಮಾತಿನಿಂದ.

ನಮ್ಮಲ್ಲಿ ಹೇಗೆ? ಸುಮ್ನೆ ಬೈಯುವುದು ಸುಲಭ, ಹೊರನಾಡಿನಲ್ಲಿ ಕೂತವರಿಗಂತೂ ಅದೇ ಹವ್ಯಾಸ. ನನಗೆ ಹಾಗನ್ನಿಸುವುದಿಲ್ಲ. ದೊಡ್ಡವರಲ್ಲದವರ ಹೆಸರು ಉಳಿಸುವುದನ್ನು ನಾವು ಇವರಿಗಿಂತ ಎಷ್ಟೋ ಮೊದಲು ಕಲಿತಿದ್ದೆವು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಸಿಕ್ಕ ಕಲ್ಲಿನ ಮೇಲೆ ಇರುವುದು ಕಿಟ್ಟಯ್ಯ ಅನ್ನುವವನ ಹೆಸರು. ಕಾಲ ಸುಮಾರು ಕ್ರಿ.ಶ. 750. ಅವನು ರಾಜ ಅಲ್ಲ, ಊರಿಗಾಗಿ ಹೋರಾಡಿ ಸತ್ತ ಒಬ್ಬ ಮನುಷ್ಯ. ನಮ್ಮ ಹೊಲಗಳ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳೆಲ್ಲ ಇದೇ ಜಾತಿಯವು. ದನ ಕಾಪಾಡಲು ಹೋಗಿ ಸತ್ತವನಿಗೂ ಕಲ್ಲು ನಿಲ್ಲಿಸಿದವರು ನಾವು. ಇತಿಹಾಸದ ಕೆಲಸ ಮಾಡುವ ಮಿಥಿಕ್ ಸೊಸೈಟಿ ಅನ್ನುವ ಸಂಸ್ಥೆಯವರು ಈಗ ಬೆಂಗಳೂರಿನ ಶಾಸನಗಳನ್ನು ಹುಡುಕಿ ಹುಡುಕಿ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಬಿಸಿಲಲ್ಲಿ ನಿಂತು.

ಇನ್ನೊಂದು ಫರಕು. ಇಲ್ಲಿ ಹಳೆಯದಕ್ಕೆ ಗಾಜು ಮುಚ್ಚುತ್ತಾರೆ, ನಮ್ಮಲ್ಲಿ ಅರಿಶಿನ ಕುಂಕುಮ ಹಚ್ಚುತ್ತಾರೆ. ಅರಿಶಿನ ಹಚ್ಚಿಸಿಕೊಂಡ ಕಲ್ಲನ್ನು ಯಾರೂ ಒಡೆಯುವುದಿಲ್ಲ, ಎಷ್ಟೋ ಕಲ್ಲು ಹೀಗೇ ಉಳಿದಿವೆ. ಎಣ್ಣೆ ಬಣ್ಣ ಬಳಿದು ಅಕ್ಷರ ಮುಚ್ಚಿಹೋಗಿರುವುದೂ ಉಂಟು, ಅದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಾವು ಎಡವಿದ್ದು ಹತ್ತಿರದ ಕಾಲದ ವಿಷಯದಲ್ಲಿ. ಬ್ಲೆಚ್ಲಿಯ ಜಾಲ ಭಾರತದಲ್ಲೂ ಇತ್ತು. ಜಪಾನೀಯರ ರೇಡಿಯೋ ಸಂದೇಶ ಹಿಡಿಯುವ ಮುಖ್ಯ ಕೇಂದ್ರ ದೆಹಲಿಯಲ್ಲಿ, ಅದರ ಒಂದು ಶಾಖೆ ನಮ್ಮ ಬೆಂಗಳೂರಿನಲ್ಲಿ! ನಾನು ಆ ಊರಿನಲ್ಲಿ ಹನ್ನೊಂದು ವರ್ಷ ಇದ್ದೆ, ಒಬ್ಬರ ಬಾಯಲ್ಲೂ ಇದನ್ನು ಕೇಳಲಿಲ್ಲ. 1940ರಲ್ಲಿ ಶುರುವಾದ ಎಚ್‌ಎಎಲ್ ಯುದ್ಧದ ಹೊತ್ತಿಗೆ ಅಮೆರಿಕನ್ನರ ವಿಮಾನ ರಿಪೇರಿ ಮಾಡುತ್ತಿತ್ತು, ರಿಪೇರಿಗೆ ಬರುವ ಕೆಟಲೀನಾ ಅನ್ನುವ ಕಡಲ ವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಬಂದಿಳಿಯುತ್ತಿದ್ದವು. ಈಗ ಬೆಳ್ಳಂದೂರು ಅಂದರೆ ನೊರೆ.

ಇದನ್ನು ಅಮ್ಮನಿಗೆ ಹೇಳಿದಾಗ ಅವರು ಊಟದ ಡಬ್ಬಿ ಮುಚ್ಚುತ್ತಾ, "ನಮ್ಮ ದೊಡ್ಡಪ್ಪ ಅಲ್ಲೇ ಫಿಟ್ಟರ್ ಆಗಿದ್ರಲ್ಲೋ" ಅಂದುಬಿಟ್ಟರು. ನನಗೆ ನಲವತ್ತೆರಡು ವರ್ಷ, ಇದೇ ಮೊದಲ ಸಲ ಕೇಳಿದ್ದು. ಯಾಕೆ ಹೇಳಲಿಲ್ಲ ಅಂದೆ. "ನೀನು ಗಂಗರು, ಕದಂಬರು ಅಂತಿದ್ದೆ. ಇದನ್ನ ಯಾವತ್ತು ಕೇಳಿದ್ದೆ?"

ಮನೆಗೆ ಬಂದು ಮೈಕ್ ಸರಿ ಮಾಡಿಸಿದೆ. ಮುಂದಿನ ಭಾನುವಾರ ಬರುವ ವಿಡಿಯೋ ಅದೇ, 23 ನಿಮಿಷದ್ದು. ಅದರಲ್ಲಿ ಆರು ನಿಮಿಷ ಅಮ್ಮ ದೊಡ್ಡಪ್ಪನ ಟಿಫಿನ್ ಕ್ಯಾರಿಯರ್ ಬಗ್ಗೆ ಹೇಳಿದ್ದಾರೆ, ಫ್ಯಾಕ್ಟರಿಯ ಅಲ್ಯೂಮಿನಿಯಂ ಚೂರಿನಲ್ಲಿ ಅದರ ಹಿಡಿಯನ್ನು ಅವರೇ ಮಾಡಿಕೊಂಡಿದ್ದರಂತೆ. ಕತ್ತರಿಸೋಣ ಅಂತ ನೋಡಿದೆ, ಕೈ ಬರಲಿಲ್ಲ. ನಿಮ್ಮ ಮನೆಯಲ್ಲೂ ಆ ಕಾಲದಲ್ಲಿ ಎಚ್‌ಎಎಲ್‌ನಲ್ಲಿದ್ದವರ ಮಕ್ಕಳು ಯಾರಾದರೂ ಇದ್ದರೆ ಹೇಳಿ. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ, ಮೈಕ್ ತರುತ್ತೇನೆ.