ಜೊಂಡಿನ ಮರೆಯ ಸಸ್ಪೆನ್ಸು

ಕೆರೆಯಲ್ಲಿ ತೆಗೆದ ಆ ಪ್ರೀ-ವೆಡ್ಡಿಂಗ್ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ, ಅದಕ್ಕೇ ಕಥೆಯನ್ನು ಪೂರ್ತಿ ಹೇಳಲು ಹೋಗುವುದಿಲ್ಲ. ಕಪ್ಪು ಕೋಟಿನ ಹುಡುಗ, ಕೆಸರು ಗುಡಿಸುವಷ್ಟು ಉದ್ದದ ಕೆಂಪು ಗೌನಿನ ಹುಡುಗಿ, ಎದೆಮಟ್ಟ ಬೆಳೆದ ಜೊಂಡು, ಒಂದು ತೆಪ್ಪ, ಮುಖಕ್ಕೆ ಮುಸುಕು ಹಾಕಿಕೊಂಡು ಹಿಂದೆ ಬೀಳುವ ಮತ್ತೊಬ್ಬ. ಕೊನೆಗೆ ಮುಸುಕು ಸರಿಸಿದರೆ ಅವನೇ ಇವನು, ಕೈಯಲ್ಲಿ ಚಾಕುವಿಲ್ಲ, ಉಂಗುರ ಇದೆ. ಸರಿಯಾಗಿ ಆ ಹೊತ್ತಿಗೆ ನೇರಳೆ ಬಣ್ಣದ ಹೊಗೆ, ನೆತ್ತಿಯ ಮೇಲೆ ಡ್ರೋನು, ಕೆರೆಯಲ್ಲಿದ್ದ ಹಕ್ಕಿಗಳೆಲ್ಲ ಗಾಬರಿಯಾಗಿ ಒಟ್ಟಿಗೇ ಆಕಾಶಕ್ಕೆ. ತೆರೆಯ ಮೇಲೆ ‘ರೊಮ್ಯಾಂಟಿಕ್ ಸಸ್ಪೆನ್ಸ್’ ಅಂತ ಅಕ್ಷರ ಮೂಡುತ್ತೆ. ಅದರ ಬೆನ್ನಿಗೇ ಮುಹೂರ್ತದ ವೇಳೆ, ಛತ್ರದ ವಿಳಾಸ, ‘ಆಶೀರ್ವಾದವೇ ಉಡುಗೊರೆ’.

ನನಗೆ ತಲೆಗೆ ಹೋಗದೇ ಇರುವುದು ಆ ಸಸ್ಪೆನ್ಸು. ಜಾತಕ ಕೂಡಿದೆ. ಲಗ್ನಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಮನೆದೇವರ ಮುಂದೆ ಇಟ್ಟಾಗಿದೆ. ಛತ್ರಕ್ಕೆ ಅಡ್ವಾನ್ಸು, ಅಡಿಗೆಯವರಿಗೆ ಅಡ್ವಾನ್ಸು, ಬೀಗರೂಟಕ್ಕೆ ಮರಿಗಳನ್ನು ನೋಡಿ, ಬೆನ್ನು ತಡವಿ, ರೇಟು ಮುರಿದು ಬಂದಾಗಿದೆ. ಇಷ್ಟೆಲ್ಲ ಆದಮೇಲೆ ಮುಸುಕಿನೊಳಗೆ ಯಾರಿರಬಹುದು ಅಂತ ಆ ಹುಡುಗಿ ಹೆದರಿ ಓಡಬೇಕಂತೆ. ಬೇರೆ ಯಾರಾದರೂ ಇದ್ದಿದ್ದರೆ ನಿಜ, ಅದು ಸಸ್ಪೆನ್ಸು. ಆಮೇಲೆ ಬೀಗರೂಟ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಮಂಡ್ಯದ ಓದುಗರಿಗೆ ವಿವರಿಸಬೇಕಾಗಿಲ್ಲ.

ಆದರೂ ನಮ್ಮ ಫೋಟೋಗ್ರಾಫರುಗಳ ಕಲ್ಪನಾಶಕ್ತಿಗೆ ಒಂದು ಉದ್ದಂಡ ನಮಸ್ಕಾರ ಸಲ್ಲಬೇಕು. ಹಿಂದೆ ಸ್ಟುಡಿಯೋದ ಪರದೆಯ ಮೇಲೆ ಪೇಂಟರ್ ಬರೆದ ಒಂದು ಕೆರೆ ಇರುತ್ತಿತ್ತು. ಕೆರೆಯಲ್ಲಿ ಎರಡು ಹಂಸ, ದಡದಲ್ಲಿ ತೆಂಗಿನ ಮರ, ಹಿಂದೆ ಯಾಕೋ ಹಿಮಾಲಯ. ಮದುಮಕ್ಕಳು ಮರದ ಸ್ಟೂಲಿನ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತರೆ ಪ್ರೇಮ ಮುಗಿಯಿತು. ಆ ಹಂಸಗಳು ಎಷ್ಟು ಜೋಡಿಗಳನ್ನು ನೋಡಿದವೋ, ಒಂದು ಸಲವೂ ರೆಕ್ಕೆ ಬಡಿಯಲಿಲ್ಲ. ಆಮೇಲೆ ಅರಮನೆಯ ಮುಂದೆ, ಬೆಟ್ಟದ ಮೆಟ್ಟಿಲ ಮೇಲೆ, ಹಳೇ ಬಂಗಲೆಗಳ ವರಾಂಡದಲ್ಲಿ ಶುರುವಾಯಿತು. ಅದೂ ಹಳತಾಯಿತು. ಈಗ ‘ವೈಲ್ಡ್ ಬೇಕು ಸರ್’ ಅಂತಾರಂತೆ. ಪ್ಯಾಕೇಜಿನಲ್ಲಿ ಜೊಂಡು, ಮಂಜು, ನೀರು, ಹಕ್ಕಿ ಎಲ್ಲ ಸೇರಿದೆ, ಡ್ರೋನಿಗೆ ಬೇರೆ ದುಡ್ಡು. ಜೊಂಡು ಅಷ್ಟು ಹುಲುಸಾಗಿ ಬೆಳೆದಿರುವುದು ಎಷ್ಟೋ ಕಡೆ ಬಡಾವಣೆಯ ಕೊಳಚೆಯ ಸಾರ ಹೀರಿಕೊಂಡು ಅನ್ನುವುದನ್ನು ಆ ಗೌನಿನ ಅಂಚು ಒಗೆದವರು ಹೇಳಬೇಕು.

ಶಾಸ್ತ್ರಕ್ಕೂ ಇದರಲ್ಲಿ ಪಾಲಿದೆ. ಧನುರ್ಮಾಸದಲ್ಲಿ ಮದುವೆ ಕೂಡದು, ಗೃಹಪ್ರವೇಶ ಕೂಡದು. ಶೂಟಿಂಗಿಗೆ ಮಾತ್ರ ಯಾವ ಪಂಚಾಂಗದಲ್ಲೂ ದೋಷ ಹೇಳಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಛತ್ರಗಳು ಖಾಲಿ, ಕ್ಯಾಮೆರಾಗಳೂ ಖಾಲಿ, ಬೆಳಗಿನ ಮಂಜು ಪುಕ್ಕಟೆ. ನಮ್ಮ ಕೆರೆಗಳಿಗೆ ದೂರದ ಅತಿಥಿಗಳು ಬಂದು ಇಳಿದಿರುವುದೂ ಅದೇ ಹೊತ್ತಿಗೆ. ಹದಿನಾರು ಅನ್ನುವ ಊರಿನ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನೇ ತೆಗೆದುಕೊಳ್ಳಿ. ಮಂಗೋಲಿಯಾ, ಟಿಬೆಟ್ಟಿನ ಕಡೆ ಮರಿ ಮಾಡಿ, ಹಿಮಾಲಯ ದಾಟಿ, ಚಳಿಗಾಲಕ್ಕೆ ನಂಜನಗೂಡು ತಾಲ್ಲೂಕಿಗೆ ಬರುವ ಹಕ್ಕಿ ಅದು. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹಕ್ಕಿಗಳನ್ನು ನಮ್ಮ ಮೈಸೂರಿನ ಸುತ್ತಲ ಕೆರೆಗಳಲ್ಲಿ ಗುರುತಿಸಿದ್ದಾರೆ. ರಾತ್ರಿ ಗದ್ದೆಗಳಲ್ಲಿ ಮೇಯುತ್ತವೆ, ಹಗಲು ಕೆರೆಯಲ್ಲಿ ತೇಲುತ್ತಾ ಸುಧಾರಿಸಿಕೊಳ್ಳುತ್ತವೆ. ಹಗಲು ಅವುಗಳಿಗೆ ರಾತ್ರಿಪಾಳಿ ಮುಗಿಸಿ ಬಂದವರ ನಿದ್ದೆಯ ಹೊತ್ತು. ಆಗಲೇ ತಲೆಯ ಮೇಲೆ ಗುಂಯ್ ಅಂತ ಡ್ರೋನು, ‘ಒನ್ ಮೋರ್’ ಅಂತ ಕೂಗು. ಹಿಮಾಲಯ ದಾಟಿ ಬಂದಿದ್ದು ಟೇಕ್ ಕೊಡುವುದಕ್ಕೆ.

ಹದಿನಾರು ಅಂದೆನಲ್ಲ, ಮಾತು ಸ್ವಲ್ಪ ಆ ಕಡೆ ಹೋಗಲಿ. ಕೆರೆದಂಡೆಯ ರೊಮ್ಯಾಂಟಿಕ್ ಸಸ್ಪೆನ್ಸನ್ನು ಕಂಡುಹಿಡಿದವರು ನಾವೇ ಅಂತ ಈ ಕಾನ್ಸೆಪ್ಟ್ ಹುಡುಗರು ಬೀಗುತ್ತಿದ್ದಾರೆ. ತಮ್ಮಂದಿರಾ, ಮೈಸೂರು ಸಂಸ್ಥಾನ ಹುಟ್ಟಿದ್ದೇ ಅಂಥ ಕಥೆಯಿಂದ. ಐತಿಹ್ಯ ನಿಮಗೆ ಗೊತ್ತಿರುವುದೇ. ದ್ವಾರಕೆಯ ಕಡೆಯಿಂದ ಬಂದ ಯದುರಾಯ, ಕೃಷ್ಣರಾಯ ಅನ್ನುವ ಅಣ್ಣತಮ್ಮಂದಿರು ಹದಿನಾಡಿನ, ಅಂದರೆ ಇದೇ ಹದಿನಾರಿನ, ಕೆರೆಯ ದಡದಲ್ಲಿ ದಣಿವಾರಿಸಿಕೊಳ್ಳುತ್ತಾ ಕೂತಿದ್ದರು. ನೀರಿಗೆ ಬಂದ ಹೆಂಗಸರ ಮಾತು ಕಿವಿಗೆ ಬಿತ್ತು. ರಾಜಕುಮಾರಿಗೆ ಗಂಡಸರ ಆಸರೆ ಇಲ್ಲ, ಕಾರುಗಹಳ್ಳಿಯ ಮಾರನಾಯಕ ಬಲವಂತದಿಂದ ಮದುವೆಯಾಗಲು ಬರುತ್ತಿದ್ದಾನೆ. ಅಣ್ಣತಮ್ಮಂದಿರು ಉಪಾಯ ಹೂಡಿದರು, ಔತಣಕ್ಕೆ ಬಂದ ಮಾರನಾಯಕ ವಾಪಸು ಹೋಗಲಿಲ್ಲ, ರಾಜಕುಮಾರಿ ಯದುರಾಯನ ಕೈ ಹಿಡಿದಳು, 1399ರಲ್ಲಿ ಒಡೆಯರ ವಂಶ ಶುರುವಾಯಿತು. ನೋಡಿ, ಇದರಲ್ಲಿ ಕೆರೆ ಇದೆ, ಹೆಣ್ಣಿದೆ, ಖಳನಿದ್ದಾನೆ, ಊಟದ ಮನೆಯಲ್ಲಿ ಕೊಲೆಯಿದೆ, ಕೊನೆಗೆ ಐನೂರು ವರ್ಷ ಮೀರಿದ ರಾಜ್ಯಭಾರವಿದೆ. ಹೊಗೆಬಾಂಬು ಇಲ್ಲ. ಒಂದು ಹಕ್ಕಿ ಎದ್ದು ಹಾರಿದ ದಾಖಲೆಯೂ ಇಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ಕದ್ದು ಕೇಳುವ ಕಿವಿ ಮತ್ತು ನೀರಿಗೆ ಬಂದ ಹೆಂಗಸರ ಹರಟೆ. ಇವತ್ತು ಆ ಕಥೆ ನಡೆಯಲು ಸಾಧ್ಯವೇ ಇಲ್ಲ ಬಿಡಿ, ಮೈಸೂರು ಸುತ್ತ ಎಷ್ಟು ಕೆರೆಗಳಿಗೆ ಹೆಂಗಸರು ನೀರು ತರಲು ಬಿಂದಿಗೆ ಹಿಡಿದು ಹೋಗಬಹುದು?

ಇನ್ನು ಶ್ರೀರಂಗಪಟ್ಟಣದ ಕಡೆ ಬನ್ನಿ. ಹೊಳೆದಂಡೆಯ ಒಬ್ಬ ತೆಪ್ಪದವನನ್ನು ಈ ಶೂಟಿಂಗ್ ಬಗ್ಗೆ ಕೇಳಿದೆ. ಬೀಡಿ ಹಚ್ಚಿಕೊಂಡ. ‘ಗಂಡ್ ಹೆಣ್ಣು ಮದ್ವೆಗ್ ಮುಂಚ್ಲೇ ಕೆಸ್ರಲ್ ಬಿದ್ದು ಒದ್ದಾಡ್ತವೆ ಸಾ, ಆಮೇಕೆ ಎಂಗೂ ಇದ್ದುದ್ದೇ ಅಲ್ವಾ’ ಅಂದ. ‘ಅಲ್ಲಪ್ಪ, ಹೊಳೇಲಿ ಮೊಸಳೆ ಇದೆ ಅಂತ ಅವರಿಗೆ ಹೇಳಲ್ವಾ?’ ಅಂದರೆ, ‘ಹೇಳ್ದೆ ಸಾ. ಮೊಸ್ಳೆ ಫ್ರೇಮಲ್ಲಿ ಬತ್ತದಾ ಅಂತ ಕೇಳ್ತವ್ರೆ’ ಅಂದ. ಅವನ ಮುಖದಲ್ಲಿ ನಗು ಇರಲಿಲ್ಲ. ಪ್ರಶ್ನೆ ಅವನಿಗೆ ನ್ಯಾಯವಾಗಿಯೇ ಕಂಡಿತ್ತು, ಮೊಸಳೆ ಬಂದರೆ ಬಾಡಿಗೆ ಜಾಸ್ತಿ ಕೇಳಬಹುದಲ್ಲ.

ಇದೇ ಹೊಳೆಯ ನಡುವೆ ರಂಗನತಿಟ್ಟು ಇದೆ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಗಟ್ಟೆ ಹಾಕಿಸಿದಾಗ ಎದ್ದ ತಿಟ್ಟುಗಳು. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಇದನ್ನು ಕಾಪಾಡಬೇಕು ಅಂತ ಮಹಾರಾಜರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮವಾಯಿತು. ಆ ಕಾಲದಲ್ಲಿ ಹಕ್ಕಿ ನೋಡುವ ಒಬ್ಬ ಮನುಷ್ಯ ಹೇಳಿದರೆ ಅರಮನೆ ಕೇಳುತ್ತಿತ್ತು. ಈಗ ಸಮಿತಿ ಆಗಬೇಕು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಅನ್ನುವ ಬಿರುದೂ ಬಂತು. ತಾಣ ಇರುವುದು ಮಂಡ್ಯ ಜಿಲ್ಲೆಯಲ್ಲಿ, ನೋಡಿಕೊಳ್ಳುವುದು ಮೈಸೂರಿನ ವನ್ಯಜೀವಿ ವಿಭಾಗ. ಹಾಗಾಗಿ ಹೆಮ್ಮೆ ಎರಡೂ ಜಿಲ್ಲೆಗೆ. ಬಿರುದು ಬಂದ ಖುಷಿಗೆ ಅಭಿನಂದನೆಗಳು ಹರಿದವು, ನಾನೂ ಚಪ್ಪಾಳೆ ತಟ್ಟಿದೆ. ಪಕ್ಷಿಧಾಮದ ಗೇಟಿನಲ್ಲಿ ಡ್ರೋನು ಹಿಡಿದು ಬಂದವರನ್ನು ಗಾರ್ಡು ತಡೆಯುತ್ತಾನೆ. ಅದಕ್ಕೇ ಜೋಡಿಗಳು ಗೇಟಿಲ್ಲದ, ಗಾರ್ಡಿಲ್ಲದ ಕೆರೆಗಳಿಗೆ ಹೋಗುವುದು. ಹಕ್ಕಿಗಳಿಗೂ ಯಾರಾದರೂ ನಕಾಶೆ ಕೊಟ್ಟು, ‘ಅಮ್ಮಾ, ಬೇಲಿಯೊಳಗೆ ಮಾತ್ರ ಇಳೀರಿ’ ಅಂತ ಹೇಳಬೇಕಿತ್ತು.

ನಿಜವಾದ ಸಸ್ಪೆನ್ಸು ಬೇಕು ಅನ್ನುವ ಫೋಟೋಗ್ರಾಫರು ಜೂನ್ ತಿಂಗಳಲ್ಲಿ ಮಂಡ್ಯದ ಯಾವುದಾದರೂ ಟೀ ಅಂಗಡಿ ಮುಂದೆ ಕ್ಯಾಮೆರಾ ಇಡಲಿ. ‘ಕಟ್ಟೇಲಿ ಇವತ್ತು ಎಷ್ಟಡಿ?’ ಇದೊಂದೇ ಡೈಲಾಗು, ಮೂರು ತಿಂಗಳು ಓಡುತ್ತೆ. ಕನ್ನಂಬಾಡಿ ಕಟ್ಟೆ ತುಂಬುವುದು 124.80 ಅಡಿಗೆ ಅನ್ನುವುದು ಇಲ್ಲಿ ಕೂಸಿಗೂ ಬಾಯಿಪಾಠ. ಕೊಡಗಿನಲ್ಲಿ ಮಳೆ ಆಯ್ತಾ, ಒಳಹರಿವು ಎಷ್ಟು, ನಾಲೆಗೆ ಯಾವಾಗ ಬಿಡ್ತಾರೆ, ಭತ್ತದ ಸಸಿಗೆ ಒಟ್ಲು ಹಾಕೋದಾ ಬೇಡ್ವಾ, ಅಷ್ಟರಲ್ಲಿ ಪಕ್ಕದ ರಾಜ್ಯಕ್ಕೆ ಬಿಡಿ ಅಂತ ದಿಲ್ಲಿಯಿಂದ ಆದೇಶ ಬರುತ್ತಾ. ತುಂಬದಿದ್ದರೆ ರೈತ ಹೆದ್ದಾರಿಯಲ್ಲಿ ಕೂರುತ್ತಾನೆ. ತುಂಬಿದರೆ ಮುಖ್ಯಮಂತ್ರಿ ಮೊರದಲ್ಲಿ ಬಾಗಿನ ಹಿಡಿದು ಬರುತ್ತಾರೆ, ಅವರ ನೆತ್ತಿಯ ಮೇಲೂ ಡ್ರೋನು. ತುಂಬಿ ತುಳುಕಿ ಗೇಟು ಎತ್ತಿದರೆ ಕೆಳಗೆ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗುತ್ತವೆ, ದೋಣಿ ನಿಲ್ಲುತ್ತೆ, ತಗ್ಗಿನ ಕೊಂಬೆಯ ಗೂಡುಗಳು ನೀರಿನ ಪಾಲು. ಒಂದೇ ನೀರು, ಮೇಲೆ ಬಾಗಿನ, ಕೆಳಗೆ ಗೂಡು ಕೊಚ್ಚಿ ಹೋಗಿದೆ. ಈ ಕಥೆಗೆ ಯಾವ ಜೋಡಿಯೂ ಕಾಲ್‌ಶೀಟ್ ಕೊಡುವುದಿಲ್ಲ.

ತಮಾಷೆ ಇಲ್ಲಿಗೆ ಸಾಕು, ನನಗೇ ಸಾಕಾಗಿದೆ. ಡ್ರೋನು ಹಾರಿಸಿದರೆ ಏನಾಗುತ್ತೆ ಅಂತ ಆ ವಿಡಿಯೋದ ಕೆಳಗೆ ಒಬ್ಬರು ಕೇಳಿದ್ದರು, ‘ಹಕ್ಕಿ ಹಾರೋದು ಸಹಜ ತಾನೇ?’ ಅಂತ. ಹಾರುವುದು ಸಹಜ, ನಿಜ. ಮಾರ್ಚಿ ತಿಂಗಳಲ್ಲಿ ಮದ್ದೂರಿನ ಹತ್ತಿರ ಕೊಕ್ಕರೆ ಬೆಳ್ಳೂರಿಗೆ ಹೋಗಿ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಹುಣಸೆಮರದ ಬುಡದಲ್ಲಿ ನಿಂತು ಮೇಲೆ ನೋಡಿ. ಮೀನಿನ ವಾಸನೆ, ಹಿಕ್ಕೆಯಿಂದ ಸುಣ್ಣ ಬಳಿದಂತಾದ ಎಲೆಗಳು, ಮರದ ತುಂಬ ಗೂಡು. ಬಣ್ಣದ ಕೊಕ್ಕರೆಯ ತಾಯಿ ಗೂಡಿನ ಅಂಚಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿರುತ್ತೆ. ಎರಡೂ ರೆಕ್ಕೆ ಅರ್ಧ ಬಿಚ್ಚಿದೆ, ಬಾಯಿ ತೆರೆದು ತೇಕುತ್ತಿದೆ, ಆದರೂ ಜಾಗ ಬಿಟ್ಟು ಕದಲುವುದಿಲ್ಲ. ಆ ರೆಕ್ಕೆಯ ನೆರಳಲ್ಲಿ ಇನ್ನೂ ಪುಕ್ಕ ಬಾರದ ಮರಿಗಳಿವೆ. ತಾಯಿಯನ್ನು ಎಬ್ಬಿಸಿದರೆ ಮರಿಯ ಮೈಮೇಲೆ ನೇರ ಬಿಸಿಲು. ಪಕ್ಕದ ಕೊಂಬೆಯಲ್ಲಿ ಕಾಗೆ ಕಾಯುತ್ತಿದೆ, ಮೇಲೆ ಗರುಡ ಸುತ್ತುತ್ತಿದೆ. ಹತ್ತೇ ನಿಮಿಷ ಸಾಕು.

ಆ ಊರಿನವರು ಓದಿ ತಿಳಿದುಕೊಂಡವರಲ್ಲ. ‘ನಮ್ಮ ಹೆಣ್ಮಕ್ಕಳು ಬಾಣಂತನಕ್ಕೆ ಬಂದವೆ’ ಅಂತಾರೆ, ಅಷ್ಟೇ. ಹೆಜ್ಜಾರ್ಲೆಗಳು ಮನೆಯ ಹಿತ್ತಲ ಮರದಲ್ಲೇ ಗೂಡು ಕಟ್ಟಿದರೂ, ಹುಣಸೆಯ ಫಸಲು ಹೋದರೂ, ತಲೆಯ ಮೇಲೆ ಹಿಕ್ಕೆ ಬಿದ್ದರೂ ಓಡಿಸಲಿಲ್ಲ. ಗೂಡಿನಿಂದ ಬಿದ್ದ ಮರಿಗೆ ಬೇಲಿ ಕಟ್ಟಿ, ಮೀನು ಹಾಕಿ ಸಾಕಿ ಬಿಟ್ಟ ಹುಡುಗರು ಆ ಊರಿನಲ್ಲಿದ್ದಾರೆ. 2007ರಲ್ಲಿ ಸರ್ಕಾರ ಅದಕ್ಕೆ ಸಮುದಾಯ ಮೀಸಲು ಅಂತ ಹೆಸರಿಟ್ಟಿತು, ಕೆಲಸವನ್ನು ಊರು ಮೊದಲೇ ಮಾಡುತ್ತಿತ್ತು. ಅಂಥ ಊರಿರುವ ಜಿಲ್ಲೆಯವರು, ಅದರ ಪಕ್ಕದ ಜಿಲ್ಲೆಯವರು, ಮದುವೆಯ ಟೀಸರಿಗೆ ಹಕ್ಕಿ ಎಬ್ಬಿಸಿ ಹೊಗೆ ಬಿಡುತ್ತೀವಲ್ಲ, ನಾಚಿಕೆ ಅನ್ನುವುದು ಪ್ಯಾಕೇಜಿನಲ್ಲಿ ಬರುವುದಿಲ್ಲವೇನು?

ಹಾಗಂತ ಆ ಹುಡುಗ ಹುಡುಗಿಯ ಮೇಲೆ ಮಾತ್ರ ಬೀಳುವುದೂ ನನಗೆ ಒಪ್ಪಿಗೆಯಿಲ್ಲ. ವಿಡಿಯೋ ವೈರಲ್ಲಾದ ಕೂಡಲೇ ‘ಪರಿಶೀಲಿಸಿ ಕ್ರಮ’ ಅನ್ನುವ ಹೇಳಿಕೆ ಬಂತು. ಅದು ಸುಲಭದ ಕೆಲಸ, ಮದುಮಕ್ಕಳ ವಿಳಾಸ ಲಗ್ನಪತ್ರಿಕೆಯಲ್ಲೇ ಇದೆ. ಅವರ ನೇರಳೆ ಹೊಗೆ ಸ್ವಲ್ಪ ಹೊತ್ತಿಗೆ ಕರಗಿತು. ಕೆರೆಗೆ ಬರುವ ರಾಜಕಾಲುವೆಯ ಮೇಲೆ ಸೈಟು ಮಾಡಿ ಮಾರಿದವನ ವಿಳಾಸ ಯಾರಿಗೂ ಸಿಗುವುದಿಲ್ಲ. ಬಡಾವಣೆಯ ಕೊಳಚೆಯನ್ನು ಕೆರೆಗೆ ತಿರುಗಿಸಿದ್ದು ಯಾರು ಅನ್ನುವ ಸಸ್ಪೆನ್ಸು ವರ್ಷಗಟ್ಟಲೆ ಬಿಚ್ಚಿಕೊಳ್ಳುವುದಿಲ್ಲ. ಎಲ್ಲ ಫೈಲಿನಲ್ಲೂ ಮುಸುಕುಧಾರಿಯೇ. ಯಾರೂ ಮುಸುಕು ತೆಗೆದು ಉಂಗುರ ತೋರಿಸುವುದಿಲ್ಲ.

ಅದಕ್ಕೇ ಕಾನ್ಸೆಪ್ಟ್ ಹುಡುಗರಿಗೆ ನನ್ನದೊಂದು ಲೊಕೇಶನ್ ಇದೆ, ಪುಕ್ಕಟೆ ಸಲಹೆ. ನಮ್ಮ ಮೈಸೂರಿನ ದಳವಾಯಿ ಕೆರೆಗೆ ಹೋಗಿ. ಊರಿನ ಕೊಳಚೆ ಎಷ್ಟೋ ಕಾಲದಿಂದ ಅಲ್ಲಿಗೆ ಸೇರುತ್ತಿದೆ, ಹಾಗಾಗಿ ಹಸಿರು ಬಣ್ಣ ನೀರಿನಲ್ಲೇ ಇರುತ್ತೆ, ಕಲರ್ ಗ್ರೇಡಿಂಗಿನ ಖರ್ಚು ಉಳಿಯಿತು. ಕಣ್ಣೀರಿಗೆ ಗ್ಲಿಸರಿನ್ ಬೇಡ. ನಾಯಕಿ ಮೂರ್ಛೆ ಹೋಗುವ ಸೀನು ಒಂದೇ ಟೇಕಿನಲ್ಲಿ ಓಕೆ ಆಗುತ್ತೆ, ಮುಸುಕು ನಾಯಕನಿಗಲ್ಲದೆ ಯೂನಿಟ್ಟಿನ ಎಲ್ಲರಿಗೂ ಬೇಕಾಗುತ್ತೆ. ಅನುಮತಿ ಯಾರನ್ನು ಕೇಳಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ, ಕೊಳಚೆ ಬಿಟ್ಟವರೂ ಕೇಳಿರಲಿಲ್ಲ.