ಕಟ್ಟಕಡೆಯ ಸಾಲಿನಲ್ಲಿ ಅಪ್ಪನ ಜೊತೆ

ನಮ್ಮಪ್ಪ ಹಳೇ ಹುಬ್ಬಳ್ಳಿಯಲ್ಲಿ ಮೂವತ್ತೈದು ವರ್ಷ ಮೈಕ್‌ಸೆಟ್ ಅಂಗಡಿ ನಡೆಸಿದವರು. ಎರಡು ಅಹುಜಾ ಆಂಪ್ಲಿಫೈಯರ್, ಎಂಟು ಹಾರ್ನ್, ರಾಶಿ ವೈರು, ಒಂದು ಸೈಕಲ್. ಮದುವೆ, ಜಾತ್ರೆ, ಗಣಪತಿ, ಪುರಾಣ, ನಾಟಕ, ಎಲೆಕ್ಷನ್ ಭಾಷಣ, ಎಲ್ಲಕ್ಕೂ ಅವರದೇ ಮೈಕು. ಹಾರ್ನ್ ಕಟ್ಟಿದ ಮೇಲೆ ಅವರು ವೇದಿಕೆ ಹತ್ತಿರ ನಿಲ್ಲುತ್ತಿರಲಿಲ್ಲ. ಸೀದಾ ಜನ ಕೂತ ಜಾಗದ ಕಟ್ಟಕಡೆಗೆ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸಣ್ಣವಳಿದ್ದಾಗ ಬೆರಳು ಹಿಡಿದು ನಾನೂ ಹೋಗುತ್ತಿದ್ದೆ. "ಇಲ್ಲಿ ಕುಂತ ಮುದುಕಿಗೆ ಕೇಳಸಿದ್ರ ಎಲ್ಲಾರಿಗೂ ಕೇಳಸಿದಂಗ ನೋಡವಾ" ಅನ್ನುತ್ತಿದ್ದರು.

2025ರ ಜನವರಿಯಲ್ಲಿ ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂಗೆ ಇಂಗ್ಲೆಂಡಿನ ಕೋಲ್ಡ್‌ಪ್ಲೇ ಬ್ಯಾಂಡಿನ ಹಾಡು ಕೇಳಲು ಹೋದಾಗ ಅಪ್ಪನನ್ನೇ ಕರೆದುಕೊಂಡು ಹೋಗಿದ್ದು ಇದೇ ಕಾರಣಕ್ಕೆ. ಧಾರವಾಡದ ಹಾಸ್ಟೆಲ್‌ನಲ್ಲಿ ಗೆಳತಿಯ ಎಂಪಿತ್ರೀ ಪ್ಲೇಯರ್‌ನಲ್ಲಿ ಆಳಿಗೊಂದು ಇಯರ್‌ಫೋನ್ ಹಂಚಿಕೊಂಡು ಕೇಳಿದ ಕಾಲದಿಂದ ಇವರು ನನ್ನ ಬ್ಯಾಂಡ್. 2016ರಲ್ಲಿ ಮುಂಬೈಗೆ ಬಂದಾಗ ಮಗು ಸಣ್ಣದು, ಹೋಗಲಾಗಲಿಲ್ಲ. ಈ ಸಲ 18, 19 ಎರಡೂ ದಿನದ ಟಿಕೆಟ್ ಖಾಲಿಯಾಗಿ, ಜನ ಕೇಳಿದ್ದಕ್ಕೆ 21ನೇ ತಾರೀಕು ಸೇರಿಸಿದರು. ಅವತ್ತಿನ ಎರಡು ಟಿಕೆಟ್ ಸಿಕ್ಕಿತು. ವೇದಿಕೆಯಿಂದ ಬಹಳ ದೂರದ, ಮೇಲಿನ ಸ್ಟ್ಯಾಂಡು. ಮನೆಯಲ್ಲಿ ಎಲ್ಲರೂ ಕೇಳಿದರು, ಇಂಗ್ಲಿಷ್ ಹಾಡು, ಅಷ್ಟು ಗದ್ದಲ, ಅಪ್ಪನನ್ನ ಯಾಕೆ? ಅಪ್ಪ ಮಾತ್ರ ಏನೂ ಕೇಳಲಿಲ್ಲ. ದಾದರ್ ರೈಲು ಎಷ್ಟು ಗಂಟೆಗೆ ಅಂತ ಕೇಳಿದರು, ಅಷ್ಟೇ.

ಅಷ್ಟು ವರ್ಷ ಹಾರ್ನ್ ಪಕ್ಕದಲ್ಲಿ ಕಳೆದು ಅಪ್ಪನ ಎಡಗಿವಿ ಮಂದವಾಗಿದೆ. ಹಾಗಾಗಿ ಬಲಗಿವಿ ವೇದಿಕೆ ಕಡೆ ಬರುವಂತೆ ಅವರನ್ನು ಕೂಡಿಸಿದೆ. ಕೂತ ಕೂಡಲೇ ಅವರು ಬೆರಳು ಮಾಡಿ ತೋರಿಸಿದ್ದು ಮೈದಾನದ ನಡುವೆ ನಿಂತ ಟವರ್‌ಗಳನ್ನು. ಅದರ ಮೇಲೆ ಒಂದರ ಕೆಳಗೊಂದು ತೂಗಿಬಿಟ್ಟ ಸ್ಪೀಕರ್‌ಗಳು. "ಅವು ನಮ್ಮ ಸಲುವಾಗಿ ಅದಾವು" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಮ್ಮ ಊರಿನ ಎಷ್ಟೋ ಸಂಘಟಕರಿಗೆ ಇದು ಗೊತ್ತಿಲ್ಲ. ಉಣಕಲ್ ಕೆರೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರನ್ನು ಈಚೆಯಿಂದ ನೋಡಿದ್ದೀರಾ? ಬಟ್ಟೆ ಕಲ್ಲಿಗೆ ಬಿದ್ದಿರುತ್ತೆ, ಸಪ್ಪಳ ಆಮೇಲೆ ಬರುತ್ತೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ. ವೇದಿಕೆಯಿಂದ 60 ಮೀಟರ್ ದೂರದಲ್ಲಿ ಇನ್ನೊಂದು ಜೋಡಿ ಸ್ಪೀಕರ್ ಸುಮ್ನೆ ಇಟ್ಟರೆ, ವೈರಿನಲ್ಲಿ ಬಂದ ಅದರ ದನಿ ಮೊದಲು, ವೇದಿಕೆಯದು ಆಮೇಲೆ ಮುಟ್ಟಿ, ಹಿಂದೆ ಕೂತವರಿಗೆ ಒಂದೇ ಮಾತು ಎರಡೆರಡು ಸಲ ಕೇಳುತ್ತದೆ. ಅದಕ್ಕೆ ನಡುವಿನ ಸ್ಪೀಕರ್‌ಗೆ ಹೋಗುವ ಶಬ್ದವನ್ನು ಬೇಕಂತಲೇ ತಡ ಮಾಡುತ್ತಾರೆ. 60 ಮೀಟರ್‌ಗೆ ಸುಮಾರು 175 ಮಿಲಿಸೆಕೆಂಡ್. ಆಗ ಎರಡೂ ದನಿ ಕೂಡಿಕೊಂಡು ಬರುತ್ತವೆ. ಮುಂದಿನವರ ಕಿವಿ ಹರಿಯುವಷ್ಟು ವಾಲ್ಯೂಮ್ ಏರಿಸುವ ಅಗತ್ಯವೇ ಇರುವುದಿಲ್ಲ.

ಹಾಡು ಶುರುವಾಯಿತು. ಬ್ಯಾಂಡಿನ ಗಾಯಕ ಕ್ರಿಸ್ ಮಾರ್ಟಿನ್ ಬೊಂಬೆಯಷ್ಟು ಚಿಕ್ಕದಾಗಿ ಕಾಣುತ್ತಿದ್ದರು, ದನಿ ಮಾತ್ರ ಎದುರಿಗೆ ನಿಂತು ಹಾಡಿದ ಹಾಗಿತ್ತು. ಅವರು ಉಸಿರು ಎಳೆದುಕೊಂಡಿದ್ದೂ ಕೇಳಿಸಿತು. ನಾನು ಅತ್ತುಬಿಟ್ಟೆ. ಇಪ್ಪತ್ತು ವರ್ಷ ಕಿವಿಯೊಳಗೇ ಇದ್ದ ಹಾಡನ್ನು ಸಾವಿರಾರು ಜನ ಒಟ್ಟಿಗೆ ಹಾಡುತ್ತಿದ್ದರೆ ಅಳು ಬರದೇ ಇರುತ್ತಾ? ಎಲ್ಲರ ಕೈಗೂ ಬಾಗಿಲಲ್ಲೇ ಒಂದು ದೀಪದ ಪಟ್ಟಿ ಕೊಟ್ಟಿದ್ದರು. ಹಾಡಿಗೆ ತಕ್ಕಂತೆ ಅದು ತಾನೇ ಬಣ್ಣ ಬದಲಿಸುತ್ತದೆ. 'ಯೆಲ್ಲೋ' ಹಾಡು ಬಂದಾಗ ಇಡೀ ಸ್ಟೇಡಿಯಂ ಹಳದಿ. ಅಪ್ಪ ತುಂಬುತೋಳಿನ ಬಿಳಿ ಅಂಗಿಯ ಗುಂಡಿ ಬಿಚ್ಚಿರಲಿಲ್ಲ. ಪಟ್ಟಿ ಒಳಗೇ ಉಳಿದು, ಅಂಗಿಯ ತುದಿಯೆಲ್ಲ ಅರಿಶಿನ ಹಚ್ಚಿದಂತೆ ಬೆಳಗುತ್ತಿತ್ತು. ಅವರ ಇನ್ನೊಂದು ಕೈ ಮುಂದಿನ ಕಂಬಿಯ ಮೇಲಿತ್ತು. ನನ್ನ ಕೈಯನ್ನೂ ಎಳೆದು ಅದರ ಮೇಲಿಟ್ಟರು. ಡ್ರಮ್ ಬಿದ್ದಾಗಲೆಲ್ಲ ಕಂಬಿ ಸಣ್ಣಗೆ ನಡುಗುತ್ತಿತ್ತು. ಎಡಗಿವಿಗೆ ಬಾರದ್ದು ಅವರಿಗೆ ಅಂಗೈಯಿಂದ ಬರುತ್ತಿತ್ತು.

ಈ ಟೂರ್‌ನಲ್ಲಿ ಕಿವಿ ಕೇಳದವರಿಗೆ ಮೈಗೆ ಕಂಪನ ಮುಟ್ಟಿಸುವ ಜಾಕೆಟ್ ಕೊಡುವ ಪದ್ಧತಿಯೂ ಇತ್ತು. ಒಂದು ಹೊತ್ತಿಗೆ ಬ್ಯಾಂಡಿನ ನಾಲ್ಕೂ ಜನ ದೊಡ್ಡ ವೇದಿಕೆ ಬಿಟ್ಟು, ಹಿಂದಿನ ಜನರ ಹತ್ತಿರವಿದ್ದ ಪುಟ್ಟ ವೇದಿಕೆಗೆ ಬಂದು ಹಾಡಿದರು. ಅವರು ಈ ಕಡೆ ಬಂದಾಗ ಅಪ್ಪ ಎದ್ದು ನಿಂತರು. ಮುಗಿಯುವ ತನಕ ಮತ್ತೆ ಕೂರಲಿಲ್ಲ.

ನಮ್ಮ ಸೀಮೆಗೆ ಸಂಗೀತ ಹೊಸದಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ಅಹೋರಾತ್ರಿ ಹಾಡು ನಡೆಯುತ್ತೆ. ಗಂಗೂಬಾಯಿ ಹಾನಗಲ್ ಅವರು ಬದುಕಿ ಬಾಳಿದ ಊರು ಹುಬ್ಬಳ್ಳಿ. ಇಲ್ಲಿಯ ಜನಕ್ಕೆ ಕೇಳುವ ಕಿವಿ ಇದೆ. ಆದರೆ ಬಯಲಲ್ಲಿ ದೊಡ್ಡ ಕಾರ್ಯಕ್ರಮ ಅಂದರೆ ನಾವು ಆ ಕಿವಿಗೆ ಮಾಡುವುದೇನು? ಮುಂದೆ ಗಣ್ಯರಿಗೆ ಸೋಫಾ. ವೇದಿಕೆಯ ಎರಡೂ ಬದಿಗೆ ಮಾಳಿಗೆ ಎತ್ತರ ಪೇರಿಸಿದ ಸ್ಪೀಕರ್ ಬಾಕ್ಸ್. ಸೋಫಾದವರು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು. ಹಿಂದಿನವರಿಗೆ ಬರೀ ಧಂ ಧಂ, ಸಾಹಿತ್ಯ ಒಂದಕ್ಷರ ಇಲ್ಲ. ಹೋದ ವರ್ಷ ಹೀಗೇ ಒಂದು ಸಂಜೆ ಬಯಲಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಕಲಾವಿದರು ಏನೋ ಹೇಳಿದರು, ಮುಂದಿನವರೆಲ್ಲ ನಕ್ಕರು. "ಏನಂದ್ರಬೇ?" ಅಂತ ಅಜ್ಜಿ ನನ್ನನ್ನು ಕೇಳಿದರು. ನನಗೂ ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಎದ್ದು ಹೋದರು.

ಇದು ದುಡ್ಡಿನ ಮಾತಲ್ಲ ಅಂತ ನನಗೆ ಖಾತ್ರಿ. ಹಾರ, ಶಾಲು, ಬ್ಯಾನರ್‌ಗೆ ಹೋಗುವುದರಲ್ಲಿ ಒಂದು ಪಾಲು ಸಾಕು. ಸೌಂಡಿನವರನ್ನು ಹಿಂದಿನ ದಿನವೇ ಕರೆಸಿ, ಮೈದಾನ ತೋರಿಸಿ, ಜನ ಎಲ್ಲಿಯವರೆಗೆ ಕೂರುತ್ತಾರೆ ಅಂತ ಹೇಳಿ. ಶಬ್ದ ಹದ ಮಾಡುವ ಮಿಕ್ಸರ್ ಅನ್ನು ವೇದಿಕೆ ಮೂಲೆಯಲ್ಲಿ ಇಡಬೇಡಿ, ಜನರ ನಡುವೆ ಇಡಲು ಜಾಗ ಬಿಡಿ. ಅಲ್ಲಿ ಕೂತರೆ ತಾನೇ ಜನಕ್ಕೆ ಏನು ಕೇಳುತ್ತಿದೆ ಅಂತ ಅವರಿಗೆ ಗೊತ್ತಾಗೋದು? ಕಾರ್ಯಕ್ರಮ ಮುಗಿದ ರಾತ್ರಿಯೇ ಅವರ ದುಡ್ಡು ಕೊಟ್ಟು ಕಳಿಸಿ. ಬಾಕಿ ಕೇಳುತ್ತಾ ತಿಂಗಳುಗಟ್ಟಲೆ ಸೈಕಲ್ ತುಳಿದವರ ಮಗಳು ನಾನು.

ಕಾರ್ಯಕ್ರಮ ಮುಗಿದ ಮೇಲೆ ದೀಪದ ಪಟ್ಟಿ ವಾಪಸ್ ಕೊಡಬೇಕಿತ್ತು, ಮುಂದಿನ ಊರಲ್ಲಿ ಮತ್ತೆ ಬಳಸುತ್ತಿದ್ದರು. ಅಪ್ಪ ತಮ್ಮದನ್ನು ಕರವಸ್ತ್ರದಿಂದ ಒರೆಸಿ ಡಬ್ಬಿಗೆ ಹಾಕಿದರು. ನೇರುಳ್ ಸ್ಟೇಷನ್ ತನಕ ಜನಸಾಗರದಲ್ಲಿ ನನ್ನ ಬೆರಳು ಹಿಡಿದೇ ನಡೆದರು.

ವಾಪಸ್ ಬರುವಾಗ ರೈಲಿನಲ್ಲಿ ನನ್ನ ಪೆನ್ನು ಇಸಕೊಂಡರು. ಬಿಸ್ಕತ್ತಿನ ಪೊಟ್ಟಣ ಹರಿದು, ಅದರ ಬಿಳಿ ಬದಿಯ ಮೇಲೆ ನಮ್ಮ ಹುಬ್ಬಳ್ಳಿಯ ನೆಹರೂ ಮೈದಾನ ಬರೆದರು. ವೇದಿಕೆ ಇಲ್ಲಿ, ಗೇಟು ಇಲ್ಲಿ, ಜನ ಇಲ್ಲಿ. ಆಮೇಲೆ ನಟ್ಟನಡುವೆ ಎರಡು ಚೌಕ ಹಾಕಿ, ತುಂಬಾ ಹೊತ್ತು ನೋಡುತ್ತಾ ಕೂತರು.

"ಇಲ್ಲಿ ಎರಡ ಬಾಕ್ಸ್ ಇಟ್ಟಿದ್ರ ಸಾಕಿತ್ತು ನೋಡವಾ."